ಮೂವತ್ತೊಂದು ಮೊಳೆಗಳ ಹಲಗೆ

“ಅಮ್ಮಾ, ಮೊಳೆ ಅಜ್ಜಿ ಚೀಟಿಗಳ ಹತ್ರ ಯಾಕೆ ಮಾತಾಡ್ತಾರೆ? ಚೀಟಿಗೆ ಕಿವಿ ಇರತ್ತಾ?”

ಶಾಲೆಗೆ ರಜೆಯೆಂದು ಅಮ್ಮನ ಬೆನ್ನು ಹತ್ತಿ ಕೆಲಸಕ್ಕೆ ಬಂದಿದ್ದ ಆರು ವರ್ಷದ ಮಗಳ ಈ ಪ್ರಶ್ನೆಯನ್ನು ತಾಯಿ “ಅವರನ್ನೇ ಕೇಳು” ಎಂದು ಸಾಗಹಾಕಿದಳು. ಆ ಲಿಫ್ಟ್ ರಿಪೇರಿ ಕಚೇರಿಗೆ ಅವಳು ಬಂದು ಮೂರು ವಾರವಷ್ಟೇ ಆಗಿತ್ತು. ಬರುವ ದೂರುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಅಲ್ಲಿಯವರೆಗೆ ಅದನ್ನು ನಿಭಾಯಿಸಿಕೊಂಡು ಬಂದಿದ್ದು ಕಚೇರಿಯ ಫೋನ್ ಎತ್ತುವ ಈ ಅಜ್ಜಿ, ಮತ್ತು ಗೋಡೆಯ ಮೇಲಿನ ಒಂದು ಹಲಗೆ.

ಹಲಗೆಯಲ್ಲಿ ಮೂವತ್ತೊಂದು ಮೊಳೆ. ನೆತ್ತಿಯಲ್ಲಿ ಒಂದು, ಅದರ ಕೆಳಗೆ ಎರಡು, ಆ ಎರಡರ ಕೆಳಗೆ ನಾಲ್ಕು, ಆಮೇಲೆ ಎಂಟು, ಕಟ್ಟಕಡೆಗೆ ಹದಿನಾರು. ಒಂದೊಂದು ಮೊಳೆಯಿಂದಲೂ ಕೆಳಗಿನ ಎರಡಕ್ಕೆ ಸೀಮೆಸುಣ್ಣದ ಗೆರೆ. ಫೋನ್ ಬಂದರೆ ಅಜ್ಜಿ ಅಚ್ಚು ಹಾಕಿಸಿದ ಚೀಟಿಯೊಂದನ್ನು ಎಳೆದುಕೊಂಡು ವಿಳಾಸ, ತೊಂದರೆ ಬರೆದು ಮೂಲೆಯಲ್ಲಿ ದಪ್ಪಗೆ ಒಂದು ಅಂಕಿ ಹಾಕುವರು. ದೀಪ ಹೋಗಿದ್ದರೆ ಒಂದು, ಕಿರಗುಟ್ಟಿದರೆ ಮೂರು, ಖಾಲಿ ಲಿಫ್ಟ್ ನಿಂತಿದ್ದರೆ ಐದು, ಒಳಗೆ ಮನುಷ್ಯರು ಸಿಕ್ಕಿಕೊಂಡಿದ್ದರೆ ಒಂಬತ್ತು. ಹೊಸ ಚೀಟಿಯನ್ನು ಕಟ್ಟಕಡೆಯ ಚೀಟಿಯ ಮುಂದಿನ ಖಾಲಿ ಮೊಳೆಗೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ವಿಚಾರಣೆ ಶುರು ಮಾಡುವರು:

“ಏನಪ್ಪಾ, ನಿನ್ನ ಮೇಲಿರೋನಿಗಿಂತ ನೀನು ದೊಡ್ಡೋನಾ? ಹೌದಾ? ಹಾಗಾದ್ರೆ ನೀನು ಹತ್ತು, ಅವನು ಇಳೀಲಿ.”

ಎರಡೂ ಅದಲುಬದಲು. ಮೇಲೆ ಮತ್ತೆ ಅದೇ ಪ್ರಶ್ನೆ. ಎಲ್ಲಿ ಮೇಲಿನವನು ದೊಡ್ಡವನೋ ಸರಿಸಮನೋ ಅಲ್ಲಿಗೆ ಚೀಟಿ ನಿಂತಿತು. ಮೆಕ್ಯಾನಿಕ್ ಬಂದರೆ ನೆತ್ತಿಯ ಚೀಟಿ ಅವನ ಕೈಗೆ. ಖಾಲಿಯಾದ ನೆತ್ತಿಗೆ ಕಟ್ಟಕಡೆಯ ಚೀಟಿಯನ್ನು ತಂದು ಕೂರಿಸಿ, “ಒಂದು ಗಳಿಗೆ ರಾಜನಾದೆ, ಸಾಕು, ಇಳಿ” ಎನ್ನುತ್ತ, ಕೆಳಗಿನ ಇಬ್ಬರಲ್ಲಿ ದೊಡ್ಡವನನ್ನು ಮೇಲೆ ಕರೆದು ಅದನ್ನು ಅದರ ಯೋಗ್ಯತೆಯ ಜಾಗಕ್ಕೆ ಇಳಿಸುವರು.

ಮೊದಲ ದಿನ ಇದನ್ನು ಕಂಡ ತಾಯಿಗೆ ಮೈ ಜುಮ್ಮೆಂದಿತ್ತು. ಕಾಲೇಜಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಸೊನ್ನೆ ಸುತ್ತಿ ಗೆರೆ ಎಳೆದು ಕಲಿಸಿದ್ದ, ದೊಡ್ಡದು ಮೊದಲು ಹೊರಬರುವ ಪ್ರಯಾರಿಟಿ ಕ್ಯೂ, ಅವಳು ಪರೀಕ್ಷೆಗೆಂದು ಉರುಹೊಡೆದು ಮರೆತಿದ್ದ ಅದರ ಹೂರಣ, ಒಂದು ಮೊಳೆಯೂ ಆಚೀಚೆಯಾಗದೆ ಇಲ್ಲಿ ಗೋಡೆಯ ಮೇಲೆ ನೇತಾಡುತ್ತಿತ್ತು!

“ಇದನ್ನ ಯಾರು ಕಲಿಸಿದ್ರು ಅಜ್ಜಿ?”

“ಯಾರು ಕಲಿಸ್ತಾರೆ? ಮೂರನೇ ತರಗತಿಗೇ ಶಾಲೆಗೂ ನನಗೂ ಎಣ್ಣೆ-ಸೀಗೆಕಾಯಿ. ಮೊದಮೊದಲು ಎಲ್ಲಾ ಚೀಟಿನೂ ಉದ್ದಕ್ಕೆ ಸಾಲಾಗಿ ಹಾಕ್ತಿದ್ದೆ. ಒಂದಿನ ಊರಿಗೂರೇ ಕರೆಂಟ್ ಹೋಯ್ತು ನೋಡು, ಫೋನಿಗೆ ಪುರುಸೊತ್ತಿಲ್ಲ. ನಡುವೆ ಒಂದು ಸೇರಿಸೋಕೆ ಇಪ್ಪತ್ತು ಜರುಗಿಸ್ಬೇಕು. ನಾನು ಜರುಗಿಸ್ತಾ ಕೂತ್ರೆ ಒಳಗಿರೋರ ಗತಿ? ಆಮೇಲೆ ಹೊಳೀತು. ಮೊದಲು ಹೋಗೋನು ಯಾರು ಅಂತ ಗೊತ್ತಾದ್ರೆ ಸಾಕಲ್ವಾ? ಒಬ್ಬೊಬ್ಬನೂ ತನ್ನ ಕೆಳಗಿನ ಇಬ್ಬರಿಗಿಂತ ದೊಡ್ಡೋನಾಗಿದ್ರೆ ಮುಗೀತು. ಉಳಿದೋರ ಹಿರಿತನದ ಜಗಳ ಕಟ್ಕೊಂಡು ಏನಾಗ್ಬೇಕು?”

ತಾಯಿ ಮೂಗಿನ ಮೇಲೆ ಬೆರಳಿಟ್ಟಳು. ಅವಳ ಮೇಷ್ಟ್ರು ಇದನ್ನು ಹೇಳಲು ಎರಡು ದಿನ ತೆಗೆದುಕೊಂಡಿದ್ದರು.

ಇವತ್ತು ಮಗಳು ಸುಮ್ಮನಿರಲಿಲ್ಲ. ಅಮ್ಮ ಹೇಳಿದ್ದೇ ತಡ, ನೇರ ಅಜ್ಜಿಯ ಮೊಣಕಾಲಿಗೆ ಆತುಕೊಂಡು ಅದನ್ನೇ ಕೇಳಿದಳು. ಅಜ್ಜಿ ನಕ್ಕರು.

“ನಾನೂ ಒಂದಿನ ಚೀಟಿ ಆಗಿದ್ದೆ ಕಣೇ, ಪುಟ್ಟಿ. ಆಗ ದೊಡ್ಡ ಕಟ್ಟಡವೊಂದರಲ್ಲಿ ಕಸ ಗುಡಿಸ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಲಿಫ್ಟ್ ನಡುವೆ ನಿಂತ್ಬಿಡ್ತು. ಆಚೆ ತೆಗೆದಾಗ ಸಂಜೆ ನಾಲ್ಕು. ಪೊರಕೆ ಹಿಡ್ಕೊಂಡೇ ಸೀದಾ ಈ ಕಚೇರಿಗೆ ಬಂದೆ. ನನ್ನ ಚೀಟಿ ಎಲ್ಲಿತ್ತು ತೋರ್ಸಿ ಅಂದೆ. ಚೀಟಿ ಚುಚ್ಚೋ ಕಂಬಿ ಇತ್ತು, ಅದರ ತಳದಲ್ಲಿತ್ತು. ಹೊಸದು ಬಂದ ಹಾಗೆಲ್ಲ ಮೇಲೆ ಚುಚ್ಚೋದು, ಮೇಲಿಂದ್ಲೇ ತೆಗೆಯೋದು. ತಳದಲ್ಲಿದ್ದೋಳನ್ನ ಯಾರೂ ಮಾತಾಡಿಸಿರ್ಲಿಲ್ಲ. ನಾಳೆಯಿಂದ ಫೋನು ನಾನು ಎತ್ತುತೀನಿ ಅಂತ ಅಲ್ಲೇ ಕೂತ್ಬಿಟ್ಟೆ.”

ಹಾಗೆ ಕೂತವರು ಏಳುವ ಹೊತ್ತು ಬಂದಿದ್ದು ಮೂವತ್ತು ವರ್ಷದ ಮೇಲೆ, ಈಗ. ಶನಿವಾರ ಹಲಗೆ ಇಳಿಸುವುದೆಂದು ಮ್ಯಾನೇಜರ್ ಹೇಳಿಯಾಗಿತ್ತು. ಅಜ್ಜಿಗೆ ಕುರ್ಚಿ ಬಿಡುವ ಚಿಂತೆಯಿರಲಿಲ್ಲ. “ಇನ್ನು ಮೇಲೆ ಯಾರೂ ತಳದಲ್ಲಿ ಉಳೀಬಾರ್ದು, ಅಷ್ಟೇ” ಎಂದು ಒಂದೇ ಮಾತು ಹಿಡಿದಿದ್ದರು. ಅದಕ್ಕೇ ಈ ಗುರುವಾರ ಹಲಗೆ ಮತ್ತು ಕಂಪ್ಯೂಟರ್ ಅಕ್ಕಪಕ್ಕ ಓಡುತ್ತಿದ್ದವು.

“ನಿಮ್ಮ ಅಚ್ಚಿನ ಖಾಲಿ ಚೀಟಿ ಇದೆಯಲ್ಲ, ಅದು ನನ್ನ ಪ್ರೋಗ್ರಾಂನಲ್ಲಿ ಕ್ಲಾಸ್” ಎಂದು ತಾಯಿ ತೋರಿಸಿದಳು. “ಬರೆದು ತುಂಬಿದ ಒಂದೊಂದು ಚೀಟಿನೂ ಒಂದು ಆಬ್ಜೆಕ್ಟ್. ಯಾರು ದೊಡ್ಡೋರು ಅಂತ ಕೇಳಿದ್ರೆ ಹೇಳೋ ಬುದ್ಧಿ ಅದರೊಳಗೇ ಇಟ್ಟಿದ್ದೀನಿ.”

“ಅಂದ್ರೆ ನಿನ್ನ ಚೀಟಿಗಳೂ ಮಾತಾಡ್ತವೆ ಅನ್ನು! ಮತ್ತೆ ಹುಚ್ಚಿ ಅನ್ನಿಸಿಕೊಂಡಿದ್ದು ನಾನೊಬ್ಬಳೇ.”

ಹನ್ನೊಂದಕ್ಕೆ ಏಳು ಮಹಡಿಯ ಕಟ್ಟಡವೊಂದರ ಕಾವಲುಗಾರ ಫೋನ್ ಮಾಡಿದ: ಲಿಫ್ಟ್ ನಿಂತಿದೆ, ಖಾಲಿ. ಐದು. ಹಲಗೆಯಲ್ಲೂ ತೆರೆಯಲ್ಲೂ ಅದು ಕೆಳಗೆಲ್ಲೋ ಕೂತಿತು. ಆಗಲೇ ಬಂದಿದ್ದ ಐದುಗಳು ಮೇಲಿದ್ದವು. ಅರ್ಧ ಗಂಟೆಗೆ ಮತ್ತೆ ಅವನದೇ ಫೋನ್, ಏದುಸಿರು. ಎತ್ತಿದವಳು ತಾಯಿ.

“ಮೇಡಂ, ಒಳಗಿಂದ ಬಡಿಯೋ ಸದ್ದು! ಯಾರೋ ಇದ್ದಾರೆ!”

ಅವಳು ಅಜ್ಜಿಗೆ ಕೂಗಿ ಹೇಳುತ್ತಲೇ ಆ ದೂರನ್ನು ಹುಡುಕಿ ಐದನ್ನು ಒಂಬತ್ತಕ್ಕೆ ತಿದ್ದಿದಳು. ತೆರೆಯ ಮೇಲೆ ಒಂಬತ್ತು ಮೂಡಿತು. ಅಬ್ಬ, ಎಂದು ಉಸಿರು ಬಿಟ್ಟಳು. ಅಷ್ಟರಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. “ಮುಂದಿಂದು ಯಾವುದು?” ಅವಳು ಗುಂಡಿ ಒತ್ತಿದಳು. ಬಟ್ಟೆ ಅಂಗಡಿ, ಖಾಲಿ ಲಿಫ್ಟ್, ಐದು. ಅವನು ವಿಳಾಸ ಓದಿಕೊಂಡು ಬಾಗಿಲಿಗೆ ಹೊರಟ.

“ನಿಲ್ಲೋ! ಎಲ್ಲಿಗೆ ಹೊರಟೆ?”

ಅಜ್ಜಿ ಆಗಷ್ಟೇ ನೆತ್ತಿಗೆ ಹತ್ತಿಸಿದ್ದ ಚೀಟಿಯನ್ನು ಕಿತ್ತು ಅವನ ಕೈಗೆ ತುರುಕಿದರು. “ಏಳು ಮಹಡಿ. ಮನುಷ್ಯರಿದ್ದಾರೆ. ಓಡು!”

ತಾಯಿ ತಿರುಗಿ ನೋಡಿದಳು. ತೆರೆಯ ಮೇಲೆ ಒಂಬತ್ತು, ಐದರ ಅಡಿಯಲ್ಲಿ ಸಾಧುವಾಗಿ ಕೂತಿತ್ತು. ಅಜ್ಜಿ ಬಗ್ಗಿ ನೋಡಿದರು.

“ನೀನು ಚೀಟಿ ಮೇಲಿನ ಅಂಕಿ ತಿದ್ದಿದೆ, ಮೊಳೆ ಬದಲಾಯಿಸ್ಲಿಲ್ಲ. ತನ್ನ ತೂಕ ಏರಿತು ಅಂತ ಅದಕ್ಕೆ ಗೊತ್ತು, ಮೇಲಿರೋನಿಗೆ ಯಾರು ಹೇಳ್ಬೇಕು? ಮೊದಲು ಹಲಗೆಯಿಂದ ತೆಗಿ. ಆಮೇಲೆ ತಿದ್ದು. ಆಮೇಲೆ ಮತ್ತೆ ಕೆಳಗಿಂದ ಕೇಳ್ತಾ ಹತ್ಸು.”

ತೆಗೆ, ತಿದ್ದು, ಹತ್ತಿಸು. ಮೂರೇ ಸಾಲಿನ ಕೆಲಸ. ಅಂಕಿಯನ್ನು ಹೊರಗಿನಿಂದ ಯಾರೂ ಮುಟ್ಟದಂತೆ ಕ್ಲಾಸಿಗೊಂದು ಬೀಗವನ್ನೂ ಹಾಕಿದಳು. ಮಗಳು ಬಂದು ಅವಳ ತೊಡೆಯೇರಿ ಕೂತಳು. ಮೂವರೂ ಫೋನಿನ ಕಡೆಗೇ ನೋಡುತ್ತಿದ್ದರು. ಕೊನೆಗೂ ಅದು ರಿಂಗಾಯಿತು, ಮೆಕ್ಯಾನಿಕ್‌ನ ದನಿ.

“ಅಕ್ಕಾ, ಆಚೆ ಬಂದ್ರು. ಯಾರೋ ಮೇಷ್ಟ್ರಂತೆ. ಬೆವೆತು ತೊಪ್ಪೆಯಾಗಿದ್ದಾರೆ, ನನಗೇ ಬೈತಿದ್ದಾರೆ.”

“ಬೈಯೋಷ್ಟು ಉಸಿರಿದೆ ಅಂದ್ರೆ ಗಟ್ಟಿಯಾಗಿದ್ದಾರೆ ಬಿಡು” ಎಂದು ಅಜ್ಜಿ ಫೋನಿಟ್ಟು, ಆಮೇಲೆ ನಿಧಾನವಾಗಿ ಕುರ್ಚಿಗೆ ಒರಗಿದರು.

ಮರುದಿನವಿಡೀ ಅವರು ಪ್ರೋಗ್ರಾಂ ಅನ್ನು ಕಾಡಿಸಿದರು. ಬೇಕೆಂದೇ ಅಂಕಿ ಬದಲಿಸಿ, ನಡುವಿನಿಂದ ಕಿತ್ತು, ಮತ್ತೆ ತುರುಕಿ ನೋಡಿದರು. ಒಮ್ಮೆಯೂ ಅದು ಹಲಗೆಗಿಂತ ಬೇರೆ ವಿಳಾಸ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಅವರೇ ಸ್ಟೂಲು ಹತ್ತಿ, ಚೀಟಿಗಳನ್ನು ಒಂದೊಂದಾಗಿ ತೆಗೆದು ಪುಟ್ಟಿಯ ಕೈಗೆ ಕೊಟ್ಟರು. ಕೆಳಸಾಲಿನ ಒಂದನ್ನು ಮಾತ್ರ ತಾಯಿಯ ಮುಂದಿಟ್ಟರು. ದೀಪ ಹೋದ ದೂರು; ಒಂದು ಎಂಬ ಅಂಕಿಯ ಪಕ್ಕ ಮೂರು ಚುಕ್ಕೆಗಳು.

“ನನಗೊಂದು ಉಪಕಾರ ಮಾಡ್ತೀಯಾ, ಮಗಳೇ? ದಿನಾ ದಿನಾ ದೊಡ್ಡೋರು ಬರ್ತಾನೇ ಇದ್ರೆ ಇಂಥೋರು ತಳದಲ್ಲೇ ಉಳೀತಾರೆ. ಅದಕ್ಕೇ ಸಂಜೆ ಉಳಿದೋರನ್ನೆಲ್ಲ ಮಾತಾಡಿಸಿ ಒಂದೊಂದು ಚುಕ್ಕೆ ಇಡ್ತೀನಿ. ಚುಕ್ಕೆನೂ ತೂಕಾನೇ, ಇದರದ್ದು ಈಗ ನಾಲ್ಕು. ಎಂಟರ ಮೇಲೆ ಏರಿಸಲ್ಲ, ಒಳಗೆ ಸಿಕ್ಕಿಕೊಂಡೋರನ್ನ ಯಾರೂ ದಾಟಬಾರ್ದು. ನಿನ್ನ ಪೆಟ್ಟಿಗೆಗೂ ಈ ಚುಕ್ಕೆ ಇಡೋದನ್ನ ಕಲಿಸ್ಬಿಡು.”