ಉಕ್ಕದ ಹಾಲು

ನನ್ನ ಬಾಡಿಗೆ ಕೋಣೆಯಲ್ಲಿ ದಿನಾ ಬೆಳಿಗ್ಗೆ ಹಾಲು ಉಕ್ಕುತ್ತದೆ. ಪತ್ರಿಕೆಯಲ್ಲಿ ಮುಳುಗಿದ್ದಾಗ ಸೀದ ವಾಸನೆ ಮೂಗಿಗೆ ಬಡಿದು, ಓಡಿಹೋಗಿ ಒಲೆ ಒರೆಸುವುದು ನನ್ನ ನಿತ್ಯಕರ್ಮಗಳಲ್ಲಿ ಒಂದಾಗಿಬಿಟ್ಟಿದೆ. ಹೊಸ ಮನೆಯಲ್ಲಿ ಹಾಲು ಉಕ್ಕಿದರೆ ನಮ್ಮ ಕಡೆ ಕೈಮುಗಿಯುತ್ತಾರೆ. ಅದೇ ಹಾಲು ಒಂಟಿ ಗಂಡಸಿನ ಕೋಣೆಯಲ್ಲಿ ಉಕ್ಕಿದರೆ ದಡ್ಡತನ ಎನ್ನುತ್ತಾರೆ.

ಹಿರಿಯೂರಿನ ಹತ್ತಿರದ ಬಬ್ಬೂರು ಬಿಟ್ಟು ನಾನು ಕರಾವಳಿಯ ಈ ವಿಶೇಷ ಆರ್ಥಿಕ ವಲಯದಲ್ಲಿ ಬಿದ್ದಿರುವುದು ಕಂಡವರ ಕಟ್ಟಡಗಳಿಗೆ ಯೋಗ್ಯತಾಪತ್ರ ಕೊಡಿಸುವುದಕ್ಕೆ. ಹೊರದೇಶಕ್ಕೆ ಸರಕು ಕಳಿಸುವವರಿಗೆ ಇಲ್ಲಿ ಸುಂಕದಲ್ಲಿ ರಿಯಾಯಿತಿಯುಂಟು, ಕಾಗದಪತ್ರದಲ್ಲಿ ಇಲ್ಲ. ಗೋಡೆ ಭದ್ರವಾಗಿದೆ ಎನ್ನುವುದಕ್ಕೊಂದು ಪತ್ರ, ಬೆಂಕಿ ಬಿದ್ದರೆ ಆರಿಸಬಹುದು ಎನ್ನುವುದಕ್ಕೊಂದು, ಆಮೇಲೆ ವ್ಯಾಪಾರದ ಲೈಸೆನ್ಸು. ಯಾರೂ ಉಣ್ಣದ, ಯಾರೂ ಮಲಗದ ಗೋದಾಮುಗಳಿಗೆ ಪ್ರವೇಶದ ಅರ್ಹತೆ ದೊರಕಿಸುವ ಈ ಮಹಾಶಯನ ಸ್ವಂತ ಮನೆ ಮಾತ್ರ ಬಬ್ಬೂರಿನಲ್ಲಿ ಸುಣ್ಣಬಣ್ಣ ಮುಗಿಸಿಕೊಂಡು, ಬೀಗ ಹಾಕಿಸಿಕೊಂಡು ನಿಂತಿದೆ. ನನ್ನ ಹೆಂಡತಿ ರತ್ನಮ್ಮ ಅದರ ಎದುರಿನ ಬಾಡಿಗೆ ಮನೆಯಲ್ಲೇ ಇದ್ದಾಳೆ. ಗೃಹಪ್ರವೇಶಕ್ಕೆ ಇಟ್ಟ ಮುಹೂರ್ತಗಳೆಲ್ಲ ಯಾವುದಾದರೊಂದು ತಪಾಸಣೆಗೆ ಬಲಿಯಾದವು. “ನೀವಿಲ್ದೆ ನಾನೊಬ್ಳೇ ಹಾಲು ಉಕ್ಕಿಸಲ್ಲ ನೋಡ್ರಿ” ಎಂದಿದ್ದಳು. ಆ ಮನೆಯ ಬಾಗಿಲು ದಾಟುವ ಆಸೆ ನನ್ನನ್ನು ಹಸಿವಿನ ಹಾಗೆ ಕಾಡುತ್ತದೆ.

ಈ ಸಲ ಇಟ್ಟ ಮುಹೂರ್ತಕ್ಕೆ ಹೋಗಿಯೇ ತೀರುವವನಿದ್ದೆ. ಹೊಸದುರ್ಗದ ಈರುಳ್ಳಿ ವ್ಯಾಪಾರಿ ತಿಪ್ಪೇಸ್ವಾಮಿಯವರ ಹೊಸ ಗೋದಾಮಿಗೆ ಅಗ್ನಿಶಾಮಕದವರ ಪತ್ರವೊಂದು ಬಾಕಿ. ಅದು ಸಿಕ್ಕಿದ ಕೂಡಲೇ ಬಸ್ಸು. ತಪಾಸಣೆಗೆ ಬಂದ ಅಧಿಕಾರಿ ಮೂಲೆಯಲ್ಲಿದ್ದ ಇಟ್ಟಿಗೆ ಒಲೆ, ಬೂದಿ, ಸೀದ ಹಾಲಿನ ಕಲೆಗಳನ್ನು ನೋಡಿ ನನ್ನ ಮುಖ ನೋಡಿದರು. ನಾನು ತಿಪ್ಪೇಸ್ವಾಮಿಯವರ ಮುಖ ನೋಡಿದೆ.

“ಹಾಲು ಉಕ್ಕಿಸ್ದೆ ಮೂಟೆ ಒಳಗಿಡಾಕಾಗ್ತೈತೇನ್ರಿ? ಬೆಳಿಗ್ಗೆ ಒಳ್ಳೆ ಗಳಿಗೆ ಇತ್ತು” ಎಂದರು ಅವರು, ಯಾವ ಅಳುಕೂ ಇಲ್ಲದೆ.

ಬೆಂಕಿಯ ಭಯವಿಲ್ಲವೆಂದು ಸಾರಬೇಕಾಗಿದ್ದ ಕಟ್ಟಡದಲ್ಲಿ ಎಲ್ಲಕ್ಕಿಂತ ಮೊದಲು ಒಳಬಂದದ್ದು ಬೆಂಕಿಯೇ. ಅಧಿಕಾರಿ ಆಕ್ಷೇಪಣೆ ಬರೆದು, ಮರುತಪಾಸಣೆಗೆ ದಿನ ಗೊತ್ತುಮಾಡಿದರು. ಅದು ನಮ್ಮ ಗೃಹಪ್ರವೇಶದ ದಿನವೇ ಆಗಿತ್ತು. ತಿಪ್ಪೇಸ್ವಾಮಿಯವರನ್ನು ಬೈಯಬೇಕೆಂದು ಬಾಯಿ ತೆರೆದವನು ಆಕ್ಷೇಪಣೆಯ ಕಾಗದ ಮಡಚಿ ಜೇಬಿಗಿಟ್ಟುಕೊಂಡೆ. ನಾನು ಹಂಬಲಿಸುತ್ತಿದ್ದುದನ್ನೇ ತಾನೆ ಅವರು ಮಾಡಿದ್ದು.

ಮರುತಪಾಸಣೆಯ ದಿನ ಮಧ್ಯಾಹ್ನ ಪತ್ರ ಕೈಗೆ ಬಂತು. ಮುಹೂರ್ತ ಬೆಳಿಗ್ಗೆಯೇ ಮೀರಿತ್ತು. ಫೋನ್ ಮಾಡಲು ನಾನು ಹಿಂದೆಮುಂದೆ ನೋಡುತ್ತಿದ್ದಾಗ ರತ್ನಮ್ಮನೇ ಮಾಡಿದಳು.

“ಬೆಳಿಗ್ಗೆ ಬೀಗ ತೆಗ್ದು ಒಳಗೆ ಹೋಗಿದ್ದೆ ಕಣ್ರಿ. ಹಾಲೂ ಇಟ್ಟೆ.”

ನಾನಿಲ್ಲದೆಯೇ ಎಲ್ಲ ಮುಗಿದಿತ್ತು. ಒಳ್ಳೆಯದಾಯಿತು ಬಿಡು ಎಂದು ಹೇಳಲು ಹೊರಟೆ.

“ಇನ್ನೇನು ಉಕ್ಕತೈತೆ ಅನ್ನಾಗ ಒಲೆ ಆರಿಸ್ಬಿಟ್ಟೆ” ಎಂದಳು. “ಉಕ್ಕಾದು ನೀವೂ ನೋಡ್ಬೇಕಲ್ರಿ.”

ಅವಳು “ಬರ್ರಿ ಬೇಗ” ಎಂದು ಫೋನ್ ಇಟ್ಟಳು.

ಇವತ್ತು ಬೆಳಿಗ್ಗೆ ಊರಿಗೆ ಹೊರಡುವ ಚೀಲ ಕಟ್ಟಿಟ್ಟು, ಪತ್ರಿಕೆ ಬಿಡಿಸದೆ ಒಲೆಯ ಮುಂದೆ ನಿಂತೆ. ಹಾಲು ಪಾತ್ರೆಯ ಅಂಚಿನವರೆಗೆ ಏರಿ ಬಂತು. ಆರಿಸಿದೆ.