ಎಣ್ಣೆಗೆ ಎಷ್ಟು ಚದರ?

ಮಧುಗಿರಿಯ ಮರುಳಸಿದ್ದಯ್ಯನವರು ಮನೆ ಕಟ್ಟಿಸುವ ಕಂಟ್ರಾಕ್ಟರಾಗಿ ಕೂದಲು ಹಣ್ಣು ಮಾಡಿಕೊಂಡವರು. ಮಂಡಿನೋವು ಶುರುವಾದ ಮೇಲೆ ಕೆಲಸ ಬಿಟ್ಟು ಜಗಲಿಯ ಮೇಲೆ ಕುಳಿತರು. ಸುಮ್ಮನೆ ಕೂರುವ ಜೀವ ಅದಲ್ಲ. ಒಂದು ಅಳತೆಯನ್ನು ಇನ್ನೊಂದಕ್ಕೆ ತಿರುಗಿಸಿ ಹೇಳುವ ಉದ್ಯೋಗ ಹಿಡಿದರು. ಗುಂಟೆಯನ್ನು ಚದರ ಮೀಟರಿಗೆ, ಮೈಲಿಯನ್ನು ಕಿಲೋಮೀಟರಿಗೆ, ಸೇರನ್ನು ಕೆ.ಜಿ.ಗೆ. ಸಂಬಳವಿಲ್ಲ, ರಜೆಯೂ ಇಲ್ಲ. ಮೊಬೈಲಿನಲ್ಲೇ ಲೆಕ್ಕ ಬರುತ್ತದಲ್ಲ ಎಂದು ಯಾರಾದರೂ ಅಂದರೆ, "ಬತ್ತದೆ, ಬತ್ತದೆ. ಅದಕ್ಕೆ ಏನ್ ಕೇಳ್ಬೇಕು ಅಂತ ನಿನಗೆ ಗೊತ್ತಿರ್ಬೇಕಲ್ಲಾ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಸಾರಿಗೆ ಎಷ್ಟು ಉಪ್ಪು ಎಂದು ಹೆಂಡತಿ ಚನ್ನಮಲ್ಲಮ್ಮ ಮಾತ್ರ ಅವರನ್ನು ಕೇಳುತ್ತಿರಲಿಲ್ಲ. ಕೇಳಿದ್ದರೆ ಅದಕ್ಕೂ ಗ್ರಾಮಿನಲ್ಲಿ ಉತ್ತರ ಸಿದ್ಧವಿತ್ತು.

ಒಂದು ಬೆಳಿಗ್ಗೆ ಶಿರಾದಿಂದ ಹುಸೇನ್ ಸಾಬರು ಫೋನ್ ಮಾಡಿದರು. ಸಾಬರಿಗೆ ಕಡಲೆಕಾಯಿ ಸುಲಿಯುವ ಯಂತ್ರವೊಂದಿದೆ. ಅದರ ಗೇರ್ ಬಾಕ್ಸು ಇಂಗ್ಲೆಂಡಿನದು. ಮುಚ್ಚಿಹೋದ ಎಣ್ಣೆ ಮಿಲ್ಲಿನ ಹರಾಜಿನಲ್ಲಿ ಅವರಪ್ಪ ಹಿಡಿದದ್ದು. ಅದರ ಹಲ್ಲು ಸವೆದರೆ ಇನ್ನೊಂದು ಎಲ್ಲೂ ಸಿಗುವುದಿಲ್ಲ. ಆ ಯಂತ್ರ ನಿಂತರೆ ಸಾಬರ ಮನೆಯ ಒಲೆಯೂ ನಿಂತ ಹಾಗೆ. ಈಗ ಕಾಯಿಯ ಸುಗ್ಗಿ, ಅಂಗಳದ ತುಂಬ ಮೂಟೆ. ಅಂಥ ಹೊತ್ತಿನಲ್ಲಿ ಸೀಲು ಕಿತ್ತುಹೋಗಿ ಗೇರ್ ಬಾಕ್ಸಿನ ಎಣ್ಣೆಯೆಲ್ಲ ನೆಲದ ಪಾಲಾಗಿತ್ತು.

"ಸೀಲ್ ಹೊಸದು ಹಾಕ್ಬುಟ್ಟೆ ಸಿದ್ದಯ್ಯನೋರೆ. ಎಣ್ಣೆ ಯಾವ್ದು ಅಂತ ಗೊತ್ತಾಗ್ತಿಲ್ಲ. ಗೇರ್ ಬಾಕ್ಸಿಗೆ ಹೊಡ್ದಿರೋ ತಗಡಿನ ಮೇಲೆ ಬರ್ದವ್ರೆ, ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಎರಡು ನಾಲ್ಕು. ಆಮೇಲೆ ಎಫ್‌ಟಿ, ಅದ್ರ ತಲೆ ಮೇಲೆ ಪುಟ್ಟದಾಗಿ ಎರಡು ಅಂತ. ಸೆಕೆಂಡಿಗೆ ಅಂತೆ. ನೂರಾ ನಾಲ್ಕು ಡಿಗ್ರಿ ಎಫ್ ಅಂತಾನೂ ಐತೆ. ಎಣ್ಣೆ ಅಂಗಡಿತಾವ ಬಂದೀನಿ, ಅಂಗಡಿಯೋನು ನೋಡಿದ್ರೆ ಎಷ್ಟು ಸೆಂಟಿಸ್ಟೋಕ್ಸು ಅಂತ ಕೇಳ್ತಾವ್ನೆ."

ಎಣ್ಣೆ ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದಕ್ಕೂ ಒಂದು ಅಳತೆ ಇದೆ ಎಂದು ಸಿದ್ದಯ್ಯನವರಿಗೆ ಗೊತ್ತಾದದ್ದೇ ಆ ಕ್ಷಣದಲ್ಲಿ. ಹಾಗೆಂದು ತೋರಿಸಿಕೊಂಡರೆ ಅವರು ಸಿದ್ದಯ್ಯನವರೇ ಅಲ್ಲ. "ನೂರಾ ನಾಲ್ಕು ಅಂದ್ರೆ ನಮ್ಮ ನಲವತ್ತು ಡಿಗ್ರಿ, ಅದು ಬುಡಿ," ಎಂದು ಮೊದಲು ಗೊತ್ತಿದ್ದದ್ದನ್ನು ಒಗೆದರು. "ಸೆಂಟಿಸ್ಟೋಕ್ಸ್ ಅಂದ್ರೆ ಏನು ಅಂತ ಆ ಅಂಗಡಿಯೋನಿಗೆ ಗೊತ್ತೈತಾ ಇಲ್ವಾ, ಕೇಳ್ರಿ ನೋಡನ!" ಎಂದರು. ಪಾಪ, ಅಂಗಡಿಯವನಿಗೆ ಗೊತ್ತಿತ್ತು. ಸೆಕೆಂಡಿಗೆ ಒಂದು ಚದರ ಮಿಲಿಮೀಟರು ಎಂದ.

"ಸರ್ಯಾಗೇ ಹೇಳ್ದ," ಎಂದು ಸಿದ್ದಯ್ಯನವರು ಅವನನ್ನು ಪಾಸು ಮಾಡಿದರು. "ನಿಮ್ಮ ತಗಡಿನಾಗೆ ಎಫ್‌ಟಿ ತಲೆ ಮೇಲೆ ಎರಡೈತಲ್ಲ, ಅದು ಚದರ ಕಣ್ರೀ ಸಾಬ್ರೇ. ಬರಿ ಅಡಿ ಅಲ್ಲ."

ಚದರ ಅಡಿಯನ್ನು ಚದರ ಮಿಲಿಮೀಟರಿಗೆ ತಿರುಗಿಸುವಾಗ ಒಂದೇ ಸಲ ಗುಣಿಸಿ ಎದ್ದುಹೋಗುವವರ ಮೇಲೆ ಅವರಿಗೆ ಮೊದಲಿಂದಲೂ ತಾತ್ಸಾರ. ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಗುಣಿಸಿದರು. ಚದರಕ್ಕೆ ಏನುಂಟೋ ಅದನ್ನೂ ಸೇರಿಸಿದರು. ಉತ್ತರ ಇಪ್ಪತ್ತೆರಡು ಸಾವಿರದ ಮುನ್ನೂರು ಬಂತು.

"ಇಷ್ಟು ಮಂದ ಇರೋ ಎಣ್ಣೆ ಎಲ್ಲೂ ಸಿಗಲ್ಲ. ಜೋನಿಬೆಲ್ಲ ಆದಂಗಾಯ್ತು. ಗ್ರೀಸೇ ತುಂಬ್ಸಿಬುಡಿ," ಎಂದು ಅಪ್ಪಣೆ ಕೊಡಿಸಿ ಫೋನಿಟ್ಟರು. ಆ ದಿನ ಸ್ನಾನದ ಮನೆಯಿಂದ ಹಾಡು ಕೇಳಿ ಚನ್ನಮಲ್ಲಮ್ಮ, ಯಾರಿಗೋ ಏನೋ ಲೆಕ್ಕ ಹೇಳಿದ್ದಾರೆ ಎಂದುಕೊಂಡರು.

ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಪಕ್ಕದ ಬೀದಿಯ ಬಸವಲಿಂಗಯ್ಯ ಬಾಗಿಲಲ್ಲಿ ನಿಂತ. "ಮೂವತ್ತು ನಲವತ್ತರ ಸೈಟು ಸಿದ್ದಯ್ಯಣ್ಣ. ಪೂರ್ತಿ ಕಟ್ಟಿದ್ರೆ ಎಷ್ಟು ಚದರ ಆಯ್ತದೆ?"

"ಹನ್ನೆರಡು ಚದರ," ಎಂದರು ಸಿದ್ದಯ್ಯನವರು, ಮುದ್ದೆ ಮುರಿಯುತ್ತಲೇ. ಮುರಿದ ತುತ್ತು ಕೈಯಲ್ಲೇ ಉಳಿಯಿತು. ಮೂವತ್ತು ನಲವತ್ತಲ ಸಾವಿರದ ಇನ್ನೂರು ಅಡಿ. ಮನೆ ಕಟ್ಟುವವರ ಬಾಯಲ್ಲಿ ಒಂದು ಚದರವೆಂದರೆ ನೂರು ಚದರ ಅಡಿ. ಇಂಗ್ಲೆಂಡಿನವನಿಗೆ ಮಧುಗಿರಿ ಮೇಸ್ತ್ರಿಗಳ ಈ ಚದರ ಎಲ್ಲಿ ಗೊತ್ತಿರಬೇಕು? ಅವನು ಬರೆದದ್ದು ಬರೀ ಒಂದು ಅಡಿಯ ಚದರ. ಸಿದ್ದಯ್ಯನವರು ಅಭ್ಯಾಸಬಲದಿಂದ ನೂರರಿಂದ ಗುಣಿಸಿ ಸಾಬರ ಗೇರ್ ಬಾಕ್ಸಿಗೆ ಮನೆ ಲೆಕ್ಕ ಹಾಕಿಬಿಟ್ಟಿದ್ದರು. ಬರಬೇಕಾದದ್ದು ಇನ್ನೂರ ಇಪ್ಪತ್ತಮೂರು. ಅದಕ್ಕೆ ಹತ್ತಿರದ ಇನ್ನೂರಿಪ್ಪತ್ತರ ಗೇರ್ ಆಯಿಲ್ಲು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಫೋನ್ ಮಾಡಿದರು. ಸಾಬರು ಎತ್ತಲಿಲ್ಲ. ಮತ್ತೆ ಮಾಡಿದರು. ಯಂತ್ರ ಓಡುತ್ತಿದ್ದರೆ ಫೋನಿನ ಸದ್ದು ಕೇಳುವುದಾದರೂ ಹೇಗೆ? ಯಂತ್ರ ಓಡುತ್ತಿದೆ ಎಂದು ಹೊಳೆದದ್ದೇ ಎದ್ದು ಕೈತೊಳೆದರು.

"ಮುದ್ದೆ ಬುಟ್ಟು ಎಲ್ಲಿಗೆ?" ಎಂದರು ಚನ್ನಮಲ್ಲಮ್ಮ.

"ಶಿರಾಕ್ಕೆ. ಲೆಕ್ಕ ತಪ್ಪೋಯ್ತು ಕಣೆ."

ಆ ಮಾತು ಕೇಳಿದ ಚನ್ನಮಲ್ಲಮ್ಮ ಬಸ್ಸಿಗೆ ಚಿಲ್ಲರೆ ಇದೆಯೇ ಎಂದು ವಿಚಾರಿಸುವುದನ್ನೂ ಮರೆತರು.

ಬಸ್ಸಿನಲ್ಲಿ ಸಿದ್ದಯ್ಯನವರ ಬುದ್ಧಿ ಸುಮ್ಮನಿರಲಿಲ್ಲ. ತಗಡಿನಲ್ಲೇ ತಪ್ಪಿದೆ ಎನ್ನಬಹುದು. ಸಾಬರು ಸೊನ್ನೆ ಬಿಟ್ಟು ಓದಿದರು ಎನ್ನಬಹುದು. ಹೀಗೆ ಒಂದಕ್ಕಿಂತ ಒಂದು ಚೆಂದದ ಸುಳ್ಳನ್ನು ದಾರಿಯುದ್ದಕ್ಕೂ ಪೋಣಿಸಿಕೊಂಡೇ ಶಿರಾದಲ್ಲಿ ಇಳಿದರು.

ಸಾಬರ ಅಂಗಳದಲ್ಲಿ ಯಂತ್ರ ನಿಂತಿತ್ತು. ಗೇರ್ ಬಾಕ್ಸಿನ ಮುಚ್ಚಳ ತೆಗೆದು, ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಹುಸೇನ್ ಸಾಬರು ಒಳಗಿಂದ ಬಾಚಿ ಬಾಚಿ ತೆಗೆಯುತ್ತಿದ್ದರು. "ಸ್ವಲ್ಪ ಹೊತ್ತಿಗೇ ಕಾದು ಕೆಂಡ ಆಗೋಯ್ತು. ಆಫ್ ಮಾಡ್ಬುಟ್ಟೆ. ಹಲ್ಲು ಗಟ್ಟಿಯಾಗೇ ಅವೆ, ಅಲ್ಲಾ ಕಾಪಾಡ್ದ," ಎಂದರು.

ಸಿದ್ದಯ್ಯನವರಿಗೆ ಹೋದ ಜೀವ ಬಂದಂತಾಯಿತು. ಪೋಣಿಸಿದ್ದ ಸುಳ್ಳುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ತಪ್ಪು ನಂದು ಸಾಬ್ರೇ. ಅಡಿ ಲೆಕ್ಕ ಹಾಕೋ ಕಡೆ ಮನೆ ಚದರದ ಲೆಕ್ಕ ಹಾಕ್ಬುಟ್ಟೆ. ಇನ್ನೂರಿಪ್ಪತ್ತರ ಎಣ್ಣೆ ಹಾಕ್ಬೇಕಿತ್ತು."

ಸಾಬರು ಕೋಪ ಮಾಡಿಕೊಳ್ಳಲಿಲ್ಲ. "ನಂಗೂ ಮನಸ್ಸಿಗೆ ಬಂತು. ನಿನ್ನೆವರ್ಗೂ ಇದ್ರಾಗೆ ಎಣ್ಣೆ ಹರೀತಿತ್ತು, ಇವತ್ತು ಗ್ರೀಸ್ ಯಾಕೆ ಅಂತ. ಆಮೇಲೆ, ಸಿದ್ದಯ್ಯನೋರೇ ಹೇಳವ್ರಲ್ಲ ಅಂತ ತುಂಬ್ಸ್ಬುಟ್ಟೆ."

"ಅನುಮಾನ ಬಂದ್ಮೇಲೆ ಕೇಳ್ಬಾರ್ದಾ?"

"ನಿಮ್ಮನ್ನಾ? ಅರೆ, ನಿಮ್ಮನ್ನ ಯಾರಾದ್ರೂ ತಿರುಗಿ ಕೇಳವ್ರಾ?"

ಸಿದ್ದಯ್ಯನವರಿಗೆ ನಾಚಿಕೆಯಾಯಿತು. ಆಮೇಲೆ ಹೆದರಿಕೆಯಾಯಿತು. ಇಷ್ಟು ವರ್ಷ ಆ ಜಗಲಿಯಿಂದ ಎಷ್ಟು ಜನ ಅನುಮಾನ ನುಂಗಿಕೊಂಡು ಎದ್ದು ಹೋಗಿರಬಹುದು? ಪಂಚೆ ಎತ್ತಿಕಟ್ಟಿ, ಅಂಗಿಯ ತೋಳು ಮಡಚಿ, ಗ್ರೀಸಿಗೆ ಕೈಹಾಕಿದರು. ಇಬ್ಬರೂ ಸೇರಿ ಡೀಸೆಲ್ಲಿನಲ್ಲಿ ಹಲ್ಲುಗಳನ್ನು ತೊಳೆದರು. ಅಂಗಡಿಯಿಂದ ಇನ್ನೂರಿಪ್ಪತ್ತರ ಡಬ್ಬ ಬಂತು.

"ಇನ್ಮೇಲೆ ಕೇಳಿ ಸಾಬ್ರೇ," ಎಂದರು ಸಿದ್ದಯ್ಯನವರು, ತಲೆ ಎತ್ತದೆ.

ಹುಸೇನ್ ಸಾಬರು ಡಬ್ಬವನ್ನು ಗೇರ್ ಬಾಕ್ಸಿನ ಬಾಯಿಗೆ ಬಗ್ಗಿಸಿದವರು ಹಾಗೇ ತಡೆದರು. ಅಳುಕುತ್ತಲೇ ಕೇಳಿದರು, "ಹಂಗಾದ್ರೆ ಈಗ್ಲೇ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಇನ್ನೂರಿಪ್ಪತ್ತು ಖಾತ್ರಿನಾ?"

ಖಾತ್ರಿ ಎನ್ನಲು ಸಿದ್ದಯ್ಯನವರು ಬಾಯಿ ತೆರೆದರು. ಮತ್ತೆ ಮುಚ್ಚಿದರು. ಮಂಡಿ ನೋಯುತ್ತಿದ್ದರೂ ಯಂತ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ತಗಡಿನ ಮೇಲೆ ಬೆರಳಿಟ್ಟು ಒಂದೊಂದೇ ಸೊನ್ನೆ ಓದತೊಡಗಿದರು.

"ತಾಳಿ ಸಾಬ್ರೇ, ಸುರೀಬ್ಯಾಡಿ. ನೀವೂ ಬನ್ನಿ ಇತ್ಲಾಗೆ. ಇಬ್ರೂ ಸೇರಿ ಇನ್ನೊಂದ್ಸಲ ಲೆಕ್ಕ ಹಾಕನ."