ಹಾಡೋ ಹುಡುಗನಿಗೆ ನಾನು ಮಾಡಿಸಿದ ಸನ್ಮಾನ

ನಮ್ಮ ಕಡೆಯ ಜನ ಆತನನ್ನು ಇಂದಿಗೂ ‘ಹಾಡೋ ಹುಡುಗ’ ಎಂದೇ ಕರೆಯುತ್ತಾರೆ. ಹುಡುಗನಿಗೀಗ ಮೂವತ್ತಾರು ವರ್ಷ. ಕಿವಿಯಂಚಿನ ಕೂದಲು ನರೆತಿದೆ, ನಾಲ್ಕನೆಯ ತರಗತಿಯಲ್ಲಿ ಓದುವ ಮಗಳಿದ್ದಾಳೆ. ಆ ಹೆಸರು ಆತನಿಗೆ ಅಂಟುವಂತೆ ಮಾಡಿದವರಲ್ಲಿ ನಾನೂ ಒಬ್ಬನಾದ್ದರಿಂದ ಇದನ್ನು ಬರೆಯುವ ಹೊಣೆಯೂ ನನ್ನದೆಂದು ಭಾವಿಸಿದ್ದೇನೆ.

ಕೊಟ್ಟೂರಿನ ಪದವಿಪೂರ್ವ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಚರ್ಚಾಸ್ಪರ್ಧೆಗಳಿಗೆ ಹೋಗಿ ಪಾರಿತೋಷಕ ತರುವುದು ನನ್ನ ಕೆಲಸ, ಆತ ಹಾಡುತ್ತಿದ್ದ. ಹದಿನಾರು ತುಂಬಿದರೂ ಒಡೆಯದ ಎಳೆಯ ಕಂಠ. ಟಿ.ವಿ.ಯ ಹಾಡಿನ ಸ್ಪರ್ಧೆಯೊಂದರಲ್ಲಿ ಆತ ಕೊನೆಯ ಸುತ್ತಿಗೆ ಬಂದಾಗ ಗೆಲುವನ್ನು ನಿರ್ಧರಿಸುವುದು ಜನರ ಮೊಬೈಲ್ ಸಂದೇಶಗಳೆಂದು ತಿಳಿಯಿತು. ನಾವು ಕಾಲೇಜಿನ ಗೆಳೆಯರು ಒಂದು ಟೆಂಪೊ ಮಾಡಿಕೊಂಡು ಕೂಡ್ಲಿಗಿಯ ಬಸ್ ನಿಲ್ದಾಣದಿಂದ ಹಡಗಲಿಯ ಸಂತೆಯವರೆಗೆ ತಿರುಗಿದೆವು. ಮೈಕು ಹಿಡಿದವನು ನಾನು. “ಹಿಂದುಳಿದ ಸೀಮೆಯ ಕಂಠವನ್ನು ರಾಜಧಾನಿ ಅದುಮದಿರಲಿ” ಎಂದು ಭಾಷಣ ಮಾಡುತ್ತಿದ್ದೆ. ಸಂದೇಶ ಕಳಿಸಲು ಬಾರದ ಜನ ತಮ್ಮ ಮೊಬೈಲನ್ನೇ ನಮ್ಮ ಕೈಗೆ ಕೊಡುತ್ತಿದ್ದರು. ನಾವೇ ಒತ್ತಿ, ಕಳಿಸಿ, ಹಿಂದಿರುಗಿಸುತ್ತಿದ್ದೆವು. ಅದನ್ನು ಚಳವಳಿಯೆಂದೇ ಪ್ರಾಮಾಣಿಕವಾಗಿ ನಂಬಿದ್ದೆ.

ಆತ ಎರಡನೆಯವನಾದ. ನಮಗದು ಗೆಲುವಿಗಿಂತ ದೊಡ್ಡದಾಯಿತು, ಏಕೆಂದರೆ ಅನ್ಯಾಯವೆಂದು ಕೂಗಲು ಅವಕಾಶವಿತ್ತು. ತೆರೆದ ಜೀಪಿನಲ್ಲಿ ಮೆರವಣಿಗೆಯಾಯಿತು. ಆಟೋಗಳ ಹಿಂಬದಿಗೆ ಆತನ ಮುಖ ಬಂತು. ಹರಪನಹಳ್ಳಿಯ ಕ್ಷೌರದಂಗಡಿಗಳಲ್ಲಿ ಹಣೆಯ ಮೇಲೆ ಕೂದಲು ಬೀಳುವ ‘ಹಾಡೋ ಹುಡುಗನ ಕಟಿಂಗ್’ ಕೇಳುವವರು ಸಾಲುಗಟ್ಟಿ ಕೂತಿರುತ್ತಿದ್ದರು. ಆತ ಪರೀಕ್ಷೆಗೆ ಕೂರಲಿಲ್ಲ. ಬೆಂಗಳೂರಿನಲ್ಲಿ ಒಂದು ಧ್ವನಿಸುರುಳಿಗೆ ಹಾಡಿದ. ಅದರಲ್ಲಿದ್ದ ಒಂದು ಹಾಡು ಎಲ್ಲರ ಬಾಯಿಗೆ ಬಂತು.

ಮರುವರ್ಷ ಕಂಠ ಒಡೆಯಿತು. ಪ್ರಕೃತಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಉಳಿದದ್ದು ದಪ್ಪನೆಯ, ಸ್ವಲ್ಪ ಗೊಗ್ಗರಾದ, ತಗ್ಗಿನ ದನಿ. ಆ ದನಿಯಲ್ಲಿಯೇ ಹಡಗಲಿಯ ಒಂದು ಆರತಕ್ಷತೆಯಲ್ಲಿ ಹಾಡಲು ತೊಡಗಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಮರುಕದಿಂದಲೇ ಹೇಳಿದರು: “ಹುಡುಗಗ ನೆಗಡಿ ಆಗೈತಿ, ಪಾಪ. ಹಾಡಸಬ್ಯಾಡ್ರಿ, ಬಿಸಿನೀರು ಕೊಡ್ರಿ.” ಅಂದಿನಿಂದ ಆತ ಪೆನ್‌ಡ್ರೈವಿನಲ್ಲಿ ತನ್ನ ಹದಿನಾರರ ದನಿಯನ್ನು ಇಟ್ಟುಕೊಂಡು ತಿರುಗತೊಡಗಿದ. ಅದು ಸ್ಪೀಕರಿನಲ್ಲಿ ಹಾಡುತ್ತಿತ್ತು; ಈತ ಮೈಕಿನ ಮುಂದೆ ತುಟಿಯಾಡಿಸುತ್ತಿದ್ದ. ಹೊಸಪೇಟೆಯಿಂದ ಹರಿಹರದವರೆಗೆ ಇದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಬೇಸರವಿರಲಿಲ್ಲ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. ಕಾರ್ಯಕ್ರಮ ಮುಗಿದೊಡನೆ ಕುಡಿಯಲು ಕರೆದೊಯ್ಯುವವರು ಎಲ್ಲ ಊರುಗಳಲ್ಲೂ ಇದ್ದರು.

ಆತನ ಹೆಂಡತಿ ಹರಪನಹಳ್ಳಿಯವರು, ಸ್ಟಾಫ್ ನರ್ಸ್. ಅಂದು ಅಪ್ಪನ ಮೊಬೈಲಿನಿಂದ ಕದ್ದು ಸಂದೇಶ ಕಳಿಸಿದ ಹುಡುಗಿಯರಲ್ಲಿ ಅವರೂ ಒಬ್ಬರು. ಮಗಳನ್ನು ಕರೆದುಕೊಂಡು ಅವರು ತವರಿಗೆ ಹೋದಾಗ ನಾನು ರಾಜಿ ಮಾಡಿಸಲು ಹೋದೆ. ಆ ಹೊತ್ತಿಗೆ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಉಪನ್ಯಾಸಕ. ಗೆಳೆಯರೊಡನೆ ಸೇರಿ ಯುವಕರ ಕುಡಿತ ಬಿಡಿಸುವ ಒಂದು ವೇದಿಕೆಯನ್ನೂ ನಡೆಸುತ್ತಿದ್ದೆ.

“ನಾನು ಮದುವೆ ಆಗಿದ್ದು ಪೋಸ್ಟರ್‌ನಾಗಿನ ಹುಡುಗನ್ನ, ಅಣ್ಣಾರೆ,” ಎಂದರು ಅವರು. “ಮನೆಗೆ ಬಂದೋನು ಬೇರೆ. ಆ ಬೇರೆಯೋನ ಜೊತೆ ಬಾಳುವೆ ಮಾಡಾಕೆ ನಂಗೇನೂ ಅಡ್ಡಿ ಇಲ್ಲ. ನಮ್ಮವ್ರಿಗೇ ಆ ಬೇರೆಯೋನು ಬ್ಯಾಡಾಗ್ಯಾನ.”

ಅವರ ಷರತ್ತು ಒಂದೇ. “ಒಂದು ವರ್ಷ ಸ್ಟೇಜ್ ಹತ್ತದಂಗೆ ಇರ್ಲಿ. ನಾನು ವರ್ಗ ಮಾಡಿಸ್ಕಂಡು ಮಗಳ ಸಮೇತ ಬರ್ತೀನಿ.”

“ಕುಡಿತದ ಮಾತು?” ಎಂದು ಕೇಳಿದೆ.

“ಸ್ಟೇಜ್ ಬಿಟ್ರೆ ಅದು ತಾನಾಗೇ ಹೋಗ್ತೈತೆ.”

ನನಗಿದು ತರ್ಕಹೀನವೆನಿಸಿತು. ರೋಗ ಕುಡಿತ, ವೇದಿಕೆಯಾದರೋ ಕಲಾವಿದನ ಹಕ್ಕು. ಆದರೂ ಹಡಗಲಿಯ ಸಮೀಪದ ಒಂದು ವಸತಿಶಾಲೆಯಲ್ಲಿ ಆತನಿಗೆ ಸಂಗೀತದ ಮೇಷ್ಟರ ಕೆಲಸ ಕೊಡಿಸಿದೆ. ಜೂನಿನಲ್ಲಿ ಸೇರಿದ. ಅಲ್ಲಿನ ಮಕ್ಕಳಿಗೆ ಆತ ಯಾರೆಂಬುದೇ ಗೊತ್ತಿರಲಿಲ್ಲ. ಎಂಟು ತಿಂಗಳು ಆತ ಕುಡಿಯಲಿಲ್ಲ. ಭಾನುವಾರಗಳಲ್ಲಿ ಮಗಳು ಬಂದು ಹೋಗತೊಡಗಿದಳು. ಹೆಂಡತಿ ವರ್ಗಾವಣೆಯ ಅರ್ಜಿಯನ್ನೂ ಕೊಟ್ಟರು.

ನಾನು ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ನಮ್ಮ ಸೀಮೆಯಲ್ಲಿ ಒಳ್ಳೆಯದನ್ನು ಕಂಡರೆ ಸುಮ್ಮನಿರುವ ಪದ್ಧತಿಯಿಲ್ಲ. ಅದಕ್ಕೆ ಶಾಲು ಹೊದಿಸಬೇಕು. ನಿವೃತ್ತರಾದವರಿಗೆ, ಬಡ್ತಿ ಪಡೆದವರಿಗೆ, ಯಾತ್ರೆ ಮುಗಿಸಿ ಬಂದವರಿಗೆ, ಎಲ್ಲರಿಗೂ ಸನ್ಮಾನವಾಗುತ್ತದೆ. ವ್ಯಸನ ಗೆದ್ದ ಕಲಾವಿದನನ್ನು ಕೊಟ್ಟೂರಿನಲ್ಲಿ ನೂರಾರು ತರುಣರ ಮುಂದೆ ಸನ್ಮಾನಿಸಿದರೆ ನನ್ನ ಹತ್ತು ಭಾಷಣಗಳಿಗೆ ಅದು ಸಮನೆಂದು ಲೆಕ್ಕ ಹಾಕಿದೆ.

ಆತ ಒಪ್ಪಲಿಲ್ಲ. “ಬ್ಯಾಡಲೇ, ಭಾಷಣ. ಆಕಿಗೆ ಮಾತು ಕೊಟ್ಟೀನಿ.” ಕಾಲೇಜಿನಿಂದಲೂ ಆತ ನನ್ನನ್ನು ಕರೆಯುವುದು ‘ಭಾಷಣ’ ಎಂದೇ.

ನಾನು ವಾದಿಸಿದೆ. ಮಾತು ಕೊಟ್ಟಿರುವುದು ಹಾಡಲು ವೇದಿಕೆ ಹತ್ತುವುದಿಲ್ಲವೆಂದು. ಕುರ್ಚಿಯಲ್ಲಿ ಕುಳಿತು ಗೌರವ ಸ್ವೀಕರಿಸುವುದು ಹಾಡುವುದಲ್ಲ. ಒಬ್ಬ ಹುಡುಗ ನಿನ್ನನ್ನು ಕಂಡು ಕುಡಿತ ಬಿಟ್ಟರೆ ಆ ಪುಣ್ಯವನ್ನು ತಡೆಯಲು ನಿನಗೇನು ಅಧಿಕಾರ?

ಆತ ಹಾರ್ಮೋನಿಯಂ ಒರೆಸಿ ಮುಚ್ಚಿಟ್ಟ. “ನಿನ್ನ ಕೂಡ ಮಾತಾಡಿ ಗೆದ್ದಾವ್ರು ಯಾರದಾರಲೇ? ಬರ್ತೀನಿ, ನಡಿ.”

ಫೆಬ್ರವರಿಯ ಒಂದು ಬೆಳಿಗ್ಗೆ ಸಭೆ ನಡೆಯಿತು. ಪೇಟ ತೊಡಿಸಿದೆವು, ಶಾಲು ಹೊದಿಸಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು. ನಾನು ಪರಿಚಯ ಭಾಷಣ ಮಾಡಿದೆ; ಚೆನ್ನಾಗಿಯೇ ಮಾಡಿದೆ. ಸನ್ಮಾನಿತರು ಎರಡು ಮಾತು ಆಡಬೇಕೆಂಬುದು ರೂಢಿ. ಹಾಡುಗಾರನಾದರೆ ಒಂದು ಪದ ಹಾಡಬೇಕು. ಆತ ಎದ್ದು ಕೈಮುಗಿದು ಕೂತುಬಿಟ್ಟ. ಸಭೆ ಬಿಡಲಿಲ್ಲ.

“ಒಂದೇ ನುಡಿ ಅಣಾ!”

“ಏ, ಅವರಿಗೀಗ ಬರಂಗಿಲ್ಲ ಬಿಡಲೇ,” ಎಂದು ಹಿಂದಿನ ಸಾಲಿನಿಂದ ಯಾರೋ ನಕ್ಕರು.

ಮೈಕಿನವನು ಹಳೆಯ ಅಭಿಮಾನಿ. ಪ್ರೀತಿಯಿಂದಲೇ ತಯಾರಾಗಿ ಬಂದಿದ್ದ. ಆ ನಗು ಕೇಳಿದೊಡನೆ ಅವನು ಗುಂಡಿ ಒತ್ತಿದ. ಹದಿನಾರರ ಆ ದನಿ ಸಭಾಂಗಣದ ತುಂಬ ಹರಡಿತು. ಹಾಡಿನ ಮೊದಲ ಸಾಲು ಮುಗಿಯುವವರೆಗೂ ಆತ ತಲೆ ತಗ್ಗಿಸಿ ಕೂತಿದ್ದ. ಎರಡನೆಯ ಸಾಲಿಗೆ ಎದ್ದ. ಮೈಕು ಹಿಡಿದ, ಪೇಟ ತೆಗೆದಿಟ್ಟು ಹಣೆಯ ಮೇಲೆ ಕೂದಲು ಸರಿಸಿಕೊಂಡ, ತುಟಿಯಾಡಿಸಿದ. ಒಂದು ಉಸಿರೂ ತಪ್ಪಲಿಲ್ಲ. ನಲವತ್ತು ಸಮೀಪಿಸಿದ ಗಂಡಸರು ಕುರ್ಚಿಯ ಮೇಲೆ ನಿಂತು ಸಿಳ್ಳೆ ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ. ಅದನ್ನು ಬಚ್ಚಿಟ್ಟು ಬರೆಯಲಾರೆ.

ಆ ವಾರದಲ್ಲಿಯೇ ಮೂರು ಮದುವೆಗಳಿಗೆ ಆತನನ್ನು ಕರೆದರು. ಆತ ಹೋದ. ಶಾಲೆಗೆ ಹೇಳದೆಯೇ ಗೈರುಹಾಜರಾದ. ಮಾರ್ಚ್ ಹೊತ್ತಿಗೆ ಕುಡಿತವೂ ಮರಳಿತ್ತು. ಹೆಂಡತಿ ಅರ್ಜಿಯನ್ನು ಹಿಂದಕ್ಕೆ ಪಡೆದರು.

ನಾನು ಹರಪನಹಳ್ಳಿಗೆ ಹೋಗಿ ಕ್ಷಮೆ ಕೇಳಿದೆ. ತಪ್ಪು ಆತನದಲ್ಲ, ನನ್ನದು. ನಿಮ್ಮ ಷರತ್ತಿನ ಒಳಾರ್ಥವನ್ನು ನಾನು ಅರಿಯಲಿಲ್ಲ ಎಂದು ವಿವರವಾಗಿ ಹೇಳಿದೆ. ಅವರು ಕೆಲಸದಿಂದ ಆಗಷ್ಟೇ ಬಂದಿದ್ದರು. ಮಗಳ ಜಡೆ ಹಾಕುತ್ತ ಕೊನೆಯವರೆಗೂ ಕೇಳಿದರು.

“ಚಂದ ಮಾತಾಡಿದ್ರಿ ಅಣ್ಣಾರೆ. ಇದಕ್ಕೂ ಚಪ್ಪಾಳೆ ಹೊಡೀಬೇಕೇನು?”

ಆಮೇಲೆ ಚಹಾ ಕೊಟ್ಟರು.

ಶಾಲೆಯಲ್ಲಿ ಉಳಿದಿದ್ದ ಆತನ ಹಾರ್ಮೋನಿಯಂ ತರಲು ನಾನೇ ಹೋದೆ. ಬೆಳಗಿನ ಪ್ರಾರ್ಥನೆ ನಡೆದಿತ್ತು. ಮೇಷ್ಟರಿಲ್ಲದಿದ್ದರೂ ಮಕ್ಕಳು ತಾವೇ ಹಾಡುತ್ತಿದ್ದರು. ಆದರೆ ಏನೋ ವಿಚಿತ್ರವಿತ್ತು. ಎಂಟೊಂಬತ್ತು ವರ್ಷದ ಆ ಮಕ್ಕಳು ಗದ್ದವನ್ನು ಎದೆಗೆ ಒತ್ತಿಕೊಂಡು, ದನಿಯನ್ನು ಹೊಟ್ಟೆಯೊಳಕ್ಕೆ ಇಳಿಸಿ, ದೊಡ್ಡವರ ತಗ್ಗಿನ ಶ್ರುತಿಯಲ್ಲಿ ಹಾಡುತ್ತಿದ್ದರು. ಕೆಳಗಿನ ಸ್ವರಗಳಲ್ಲಿ ಅವರ ದನಿ ಗಾಳಿಯಷ್ಟೇ ಆಗುತ್ತಿತ್ತು. ಅದು ಆತನ ಈಗಿನ ಶ್ರುತಿ. ಎಂಟು ತಿಂಗಳು ಆತ ಯಾವ ದನಿಯಲ್ಲಿ ಹಾಡಿದನೋ ಮಕ್ಕಳು ಅದನ್ನೇ ಹಾಡೆಂದು ಕಲಿತಿದ್ದರು.

ಹಾರ್ಮೋನಿಯಂ ಹೊತ್ತು ಕೊಟ್ಟೂರಿನ ಆತನ ಕೋಣೆಗೆ ಹೋದೆ. ಮಧ್ಯಾಹ್ನವಾಗಿತ್ತು, ಆಗಷ್ಟೇ ಎದ್ದಿದ್ದ. ಉಪದೇಶ ಮಾಡಲಿಲ್ಲ. ಕಂಡದ್ದನ್ನು ಮಾತ್ರ ಹೇಳಿದೆ.

“ಗದ್ದ ಒತ್ತಿಕ್ಯಂಡು ಹಾಡ್ತಿದ್ರಾ?” ಎಂದ.

“ಹೂಂ.”

“ಸಣ್ಣ ಮಕ್ಕಳ ಗಂಟಲಿಗೆ ಅದು ಆಗಂಗಿಲ್ಲಲೇ. ಏರಸಬೇಕಿತ್ತು. ನನಗ ಮ್ಯಾಲೆ ಹತ್ತಾಕ ಆಗಂಗಿಲ್ಲಂತ ಅವನ್ನ ಕೆಳಗ ಎಳದೀನಿ.” ಮುಖ ತೊಳೆದು ಬಂದು ಹಾರ್ಮೋನಿಯಂ ಮುಂದೆ ಕೂತ. ಎತ್ತರದ ಒಂದು ಶ್ರುತಿ ಹಿಡಿದು, ತಾನು ಹಾಡದೆ, ಬೆರಳಿನಲ್ಲಿಯೇ ಆ ಪ್ರಾರ್ಥನೆಯನ್ನು ನುಡಿಸಿ ನೋಡಿದ. “ಇದು ಅವ್ರದು. ಹಿಂಗೇ ಬಿಟ್ರ ಗಂಟಲಾ ಕೆಡ್ತಾವ.”

ಜೂನಿನಲ್ಲಿ ಶಾಲೆಯವರು ಮೂರು ತಿಂಗಳ ಕರಾರಿನ ಮೇಲೆ ಮತ್ತೆ ಸೇರಿಸಿಕೊಂಡರು. ವರ್ಷವನ್ನು ಮೊದಲಿನಿಂದ ಎಣಿಸುವುದಾಗಿ ಹೆಂಡತಿ ತಿಳಿಸಿದರು. ನಡೆದ ಎಂಟು ತಿಂಗಳಿಗೆ ವಿನಾಯಿತಿಯಿಲ್ಲ. ಆತ ಒಪ್ಪಿದ್ದಾನೆ. ಎರಡು ಬಾರಿ ಕುಡಿದು, ಎರಡು ಬಾರಿಯೂ ಅವರಿಗೆ ಫೋನ್ ಮಾಡಿ ಹೇಳಿದ್ದಾನೆ. ವೇದಿಕೆ ಹತ್ತಿಲ್ಲ. ಏನಾಗುವುದೋ ನನಗೆ ತಿಳಿಯದು.

ಕಳೆದ ವಾರ ಕೂಡ್ಲಿಗಿಯಿಂದ ಸಂಘಟಕರೊಬ್ಬರು ಕರೆ ಮಾಡಿದರು. ಕಾರ್ಯಕ್ರಮ ದೊಡ್ಡದು, ಸಚಿವರೂ ಬರುವವರು. “ಹಾಡೋ ಹುಡುಗನ ನಂಬರ್ ನಿಮ್ಮತ್ರ ಇರ್ತೈತಿ ಅಂದ್ರು, ಕೊಡ್ರಿ ಸಾರ್. ಒಂದು ಸನ್ಮಾನ ಇಟ್ಕಂಡೀವಿ.”

“ನನ್ನ ಹತ್ತಿರ ಇಲ್ರಿ,” ಎಂದೆ.

“ನಿಮ್ಮ ಗೆಳೆಯರಲ್ಲೇನ್ರಿ?”

“ಹೌದ್ರಿ,” ಎಂದು ಫೋನಿಟ್ಟೆ.